ನೀರು ಬಂತಾ?

ಬಾಯಾರಿದವರಿಗೆ ನೀರು ಇಲ್ಲ ಅನ್ನಬಾರದು ಅಂತ ಕಲಿಸಿದ್ದು ನಮ್ಮಜ್ಜಿ. ಆ ಅಜ್ಜಿಗೇ ನಾನು ನೀರು ಇಲ್ಲ ಅಂದೆ.

ಅಜ್ಜಿಯ ತವರು ಬೇಲೂರು ತಾಲ್ಲೂಕಿನ ಹಳೇಬೀಡು, ಕೆರೆಯನ್ನೇ ಸಮುದ್ರ ಅಂದುಕೊಂಡ ಹಳೆಯ ದೋರಸಮುದ್ರ. ಮದುವೆಯಾಗಿ ಬಂದಿದ್ದು ಅರಸೀಕೆರೆಗೆ. ಇಲ್ಲಿ ಬೇಸಿಗೆ ಬಂದರೆ ಕೊಡ ಎಣಿಸೋದೇ ಕೆಲಸ. ಆದ್ರೂ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಆಮೇಲೆ ಮಾತು.

ಹೋದ ವರ್ಷ ನ್ಯುಮೋನಿಯಾ ಆಗಿ ಹಾಸನದಲ್ಲಿ ಆಸ್ಪತ್ರೆಗೆ ಸೇರಿಸಿದಾಗ ಅವಳ ರಕ್ತದಲ್ಲಿ ಸೋಡಿಯಂ 118 ಇತ್ತು. ಇರಬೇಕಾದ್ದು 135ರಿಂದ 145. ಮೂತ್ರಪಿಂಡಕ್ಕೆ ‘ನೀರು ಬಿಡಬೇಡ’ ಅನ್ನೋ ಹಾರ್ಮೋನು ವಾಸೊಪ್ರೆಸಿನ್. ಬೇಡದಾಗಲೂ ಅದು ಹಾಗೇ ಹೇಳ್ತಿದ್ರೆ ನೀರು ಮೈಯಲ್ಲೇ ಉಳಿದು ಸೋಡಿಯಂ ತೆಳುವಾಗುತ್ತೆ. ಡಾಕ್ಟರು ದಿನಕ್ಕೆ 800 ಎಂ.ಎಲ್. ನೀರು ಮಾತ್ರ ಅಂದರು.

ಎರಡು ದಿನ ಅವಳಿಗೆ ಸರಿಯಾಗಿ ಎಚ್ಚರವಿರಲಿಲ್ಲ. ಮೂರನೇ ದಿನ ಸ್ಪಷ್ಟವಾಗಿ ಕೇಳಿದಳು: “ಒಂದ್ ಲೋಟ ನೀರ್ ಕೊಡೋ ಮಗಾ.”

“ನೀರು ಬಂದಿಲ್ಲ ಅಜ್ಜಿ.”

ಅರಸೀಕೆರೆಯವಳು, ನಂಬಿದಳು. ಸುಮ್ಮನೆ ಮಗ್ಗುಲಾದಳು.

ಸೋಡಿಯಂ ಅಷ್ಟಾಗಿ ಏರಲಿಲ್ಲ. ಟಾಲ್ವಾಪ್ಟಾನ್ ಮಾತ್ರೆ ಶುರುವಾಯ್ತು. ಅದು ಆ ಹಾರ್ಮೋನಿನ ಮಾತು ಮೂತ್ರಪಿಂಡಕ್ಕೆ ತಲುಪದ ಹಾಗೆ ತಡೆದು, ಬರೀ ನೀರನ್ನು ಹೊರಗೆ ಕಳಿಸುತ್ತೆ. ಈಗ ನಿಯಮವೇ ಉಲ್ಟಾ: ಬಾಯಾರಿದಾಗೆಲ್ಲ ನೀರು ಕೊಡಲೇಬೇಕು. ಇಲ್ಲದಿದ್ರೆ ಸೋಡಿಯಂ ಒಮ್ಮೆಲೇ ಜಿಗಿಯಬಹುದು. ದಿನಕ್ಕೆ ಎಂಟು ಹತ್ತಕ್ಕಿಂತ ಹೆಚ್ಚು ಏರಿದ್ರೆ ಮಿದುಳಿಗೇ ಅಪಾಯ. ಅದಕ್ಕೇ ಆಸ್ಪತ್ರೆಯಲ್ಲೇ ಶುರು ಮಾಡಿ, ಕೆಲವು ಗಂಟೆಗೊಮ್ಮೆ ರಕ್ತ ನೋಡ್ತಾರೆ.

ಲೋಟ ಹಿಡಿದು ಹೋದೆ. “ನೀರು ಬಂತಾ?” ಅಂದಳು.

ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಅವಳು ಗಾಬರಿಯಾಗಲಿಲ್ಲ. “ಸಾರಿಗೆ ನೀರು ಜಾಸ್ತಿಯಾಗಿ ಸಪ್ಪೆಯಾದಂಗೆ, ಅಷ್ಟೇ ತಾನೆ? ಹೇಳಿದ್ರೆ ನಾನೇ ತಡ್ಕೊಳ್ತಿದ್ನಲ್ಲೋ.”

ನೀರು ಕೊಡದೇ ಇದ್ದದ್ದು ತಪ್ಪಲ್ಲ. ಮತ್ತೆ ಅಂಥ ದಿನ ಬಂದರೂ ಕೊಡಲ್ಲ. ಆದರೆ ಆ ಸುಳ್ಳು ಯಾರಿಗಾಗಿ ಹೇಳಿದ್ದು? ಆಫೀಸಲ್ಲಿ ನಮ್ಮನ್ನು ಕೇಳದೆ ಟೀಮ್ ಬದಲಾಯಿಸಿದ್ರೆ ವಾರಗಟ್ಟಲೆ ಕುದೀತೀವಿ. ಮನೆಯ ಹಿರಿಯರ ದೇಹದ ವಿಷಯವನ್ನೇ ‘ಪಾಪ, ಗಾಬರಿಯಾಗ್ತಾರೆ’ ಅಂತ ಅವರಿಂದ ಮುಚ್ಚಿಡ್ತೀವಿ. ನಿಜ ಹೇಳಬೇಕಂದ್ರೆ, ಅವಳ ಮುಖ ನೋಡಿ ‘ಕೊಡಲ್ಲ’ ಅನ್ನೋ ಕಷ್ಟ ನನಗೆ ಬೇಡವಾಗಿತ್ತು.

ಬಾಯಾರಿಕೆ ಅವಳದ್ದು. ತಡೆದುಕೊಳ್ಳುವ ನಿರ್ಧಾರವೂ ಅವಳದ್ದೇ ಆಗಬಹುದಿತ್ತು. ಅದನ್ನು ನಾನು ಕಿತ್ತುಕೊಂಡಿದ್ದೆ.