ಕುಡಿಯುವವನು, ಕುಡುಕ

ರಾತ್ರಿ ಹತ್ತಕ್ಕೆ ನಮ್ಮ ಹೊರಮಾವಿನ ಯಾವುದೇ ಟೀ ಅಂಗಡಿ ಮುಂದೆ ನಿಂತರೂ 'ಅಡಿಕ್ಟ್' ಅನ್ನೋ ಪದ ಕಿವಿಗೆ ಬೀಳುತ್ತೆ. ಕಾಫಿಗೆ ಅಡಿಕ್ಟು, ರೀಲ್ಸಿಗೆ ಅಡಿಕ್ಟು, ಸಿಗರೇಟಿಗಂತೂ ಕೇಳೋದೇ ಬೇಡ. ಎಲ್ಲರೂ ನಗ್ತಾನೇ ಹೇಳ್ತಾರೆ. ಆದರೆ ಬಿಡಬೇಕು ಅಂತ ನಿಜವಾಗಿ ಒದ್ದಾಡುತ್ತಿರುವವನು ಇದೇ ಪದವನ್ನು ತನಗೆ ತಾನೇ ಹೇಳಿಕೊಂಡಾಗ ಅದು ತಮಾಷೆಯಾಗಿ ಉಳಿಯೋದಿಲ್ಲ. ಬಿಡಬೇಕಾದ ಚಟದ ಹೆಸರನ್ನೇ ನಮ್ಮ ಹೆಸರು ಮಾಡಿಕೊಂಡರೆ ಬಿಡೋದು ಸುಲಭವಾಗುತ್ತಾ, ಕಷ್ಟವಾಗುತ್ತಾ?

ಸುಲಭ ಅನ್ನುವವರಿದ್ದಾರೆ. 1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಲ್ಲಿ, ಕುಡಿತ ಬಿಟ್ಟು ಇಪ್ಪತ್ತು ವರ್ಷ ಆದವರೂ ತಾನು ಆಲ್ಕೊಹಾಲಿಕ್ ಅಂತಲೇ ಪರಿಚಯ ಮಾಡಿಕೊಳ್ಳುತ್ತಾರೆ. ಅದಕ್ಕೆ ಕಾರಣ ಇದೆ. 'ಒಂದೇ ಪೆಗ್ಗು, ಏನಾಗಲ್ಲ' ಅಂತ ಒಳಗಿಂದ ವಾದ ಮಾಡೋ ಮನಸ್ಸಿನ ಬಾಯನ್ನು ಆ ಒಂದು ಪದ ಮುಚ್ಚಿಸುತ್ತೆ. ಮುಚ್ಚಿಟ್ಟು ಮುಚ್ಚಿಟ್ಟು ಸುಸ್ತಾದವನಿಗೆ ಒಪ್ಪಿಕೊಂಡ ನಿರಾಳವೂ ಸಿಗುತ್ತೆ.

ನಮ್ಮ ನಾಡಿನಲ್ಲಿ ಇನ್ನೊಂದು ದಾರಿಯೂ ಇದೆ. ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರಲ್ಲ, ಅಲ್ಲಿಂದ ಹೊರಬಂದವರು 'ನವಜೀವನ ಸಮಿತಿ'ಯ ಸದಸ್ಯರಾಗುತ್ತಾರೆ. ಬಿಟ್ಟು ಬಂದದ್ದರ ಹೆಸರಲ್ಲ, ಇನ್ನು ಮುಂದಿನದರ ಹೆಸರು.

ಹೆಸರಿಗೆ ಎಷ್ಟು ತೂಕ ಇದೆ ಅಂತ ನಾನು ನೋಡಿದ್ದು ಕಡೂರು ಕಡೆಯ ನಮ್ಮ ಚಿಕ್ಕಪ್ಪನಲ್ಲಿ. ಒಮ್ಮೆ ಏಳು ತಿಂಗಳು ಗ್ಲಾಸು ಮುಟ್ಟಿರಲಿಲ್ಲ. ಮನೆಯಲ್ಲಿ ಮದುವೆ ಬಂತು. ಸಂತೆಗೆ ಹೋಗಿ ತರಕಾರಿ ತರೋಕೆ ದುಡ್ಡನ್ನು ಅವರ ಕೈಗೆ ಕೊಡದೆ, ಹದಿನಾರು ವರ್ಷದ ಅವರ ಮಗನ ಕೈಗೆ ಕೊಟ್ಟರು. ಅವತ್ತು ಸಂಜೆ ಕುಡಿದು ಬಂದರು. "ಹೆಂಗೂ ಕುಡುಕ ಅಂತಾರಲ್ಲ ಮಗ, ಕುಡಿದ್ರೇನು ಬಿಟ್ರೇನು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಮತ್ತು ಜುಡಿತ್ ಗಾರ್ಡನ್ 1985ರಲ್ಲಿ ತಂದ ಪುಸ್ತಕದಲ್ಲಿ ಚಿಕ್ಕಪ್ಪನ ಮಾತಿಗೆ ವಿವರಣೆ ಇದೆ. ಒಂದು ಸಲ ಜಾರಿದ ಮೇಲೆ 'ನಾನೇ ಇಂಥವನು' ಅಂದುಕೊಳ್ಳುವವನು ಪೂರ್ತಿ ಮುಳುಗೋ ಸಾಧ್ಯತೆ ಹೆಚ್ಚು. 'ಅವತ್ತಿನ ಸಂದರ್ಭ ಹಾಗಿತ್ತು, ಮುಂದಿನ ಸಲ ಏನು ಮಾಡಲಿ' ಅನ್ನುವವನು ಎದ್ದು ನಿಲ್ಲೋದು ಸುಲಭ. ಅಮೆರಿಕದ ಮನೋವೈದ್ಯರ ಕೈಪಿಡಿಯ 2013ರ ಆವೃತ್ತಿಯೂ ರೋಗದ ಹೆಸರಿನಲ್ಲಿ 'ಅಡಿಕ್ಷನ್' ಬಳಸದೆ 'ಬಳಕೆಯ ತೊಂದರೆ' ಅನ್ನೋ ಅರ್ಥದ ಮಾತನ್ನು ಆರಿಸಿಕೊಂಡಿತು. ಫೋನು, ಗೇಮಿನ ಗೀಳಿಗೆ ನಿಮ್ಹಾನ್ಸ್ 2014ರಲ್ಲಿ ತೆರೆದ ಶಟ್ ಕ್ಲಿನಿಕ್ಕಿನ ಪೂರ್ತಿ ಹೆಸರಿನ ಅರ್ಥ 'ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ಸೇವೆ'. ಬಾಗಿಲ ಮೇಲೆ ಚಟ ಅನ್ನೋ ಪದವೇ ಇಲ್ಲ.

ಕನ್ನಡವೂ ನಮಗೊಂದು ದಾರಿ ಕೊಟ್ಟಿದೆ. ನನಗೆ ಜ್ವರ ಇದೆ, ನನಗೆ ಸಾಲ ಇದೆ ಅನ್ನೋ ಹಾಗೇ 'ನನಗೆ ಚಟ ಇದೆ' ಅಂತೀವಿ. ಅದು ನನಗೆ ಇದೆ, ಆದರೆ ಅದೇ ನಾನಲ್ಲ. ಇದು ಹೊಣೆಯಿಂದ ನುಣುಚಿಕೊಳ್ಳೋ ಉಪಾಯ ಅಂತ ಯಾರಾದರೂ ಅನ್ನಬಹುದು. ಆದರೆ ಸಾಲ ಇದೆ ಅಂದವನು ತೀರಿಸಲೇಬೇಕಲ್ಲ? ನಾವು ಬಗ್ ರಿಪೋರ್ಟ್ ಬರೆಯುವಾಗ 'ಈ ಕೋಡೇ ದರಿದ್ರ' ಅಂತ ಬರೆದರೆ ಯಾರೂ ಸರಿಮಾಡಲಾರರು. ಯಾವಾಗ, ಯಾವ ಸ್ಥಿತಿಯಲ್ಲಿ, ಏನಾಯಿತು ಅಂತ ಬರೀಬೇಕು. ಬೆಳಗಿನ ಜಾವ ಎರಡರವರೆಗೂ ಫೋನು ಉಜ್ಜುವ ನನ್ನ ಅಭ್ಯಾಸವನ್ನೂ ಹಾಗೇ ಬರೆದು ನೋಡಿದೆ: ರಾತ್ರಿ ಹನ್ನೊಂದರ ಮೇಲೆ, ಚಾರ್ಜರ್ ದಿಂಬಿನ ಪಕ್ಕ ಇದ್ದಾಗ. ಚಾರ್ಜರ್ ಅಡುಗೆಮನೆಗೆ ಹೋಯಿತು. ಚಟ ಪೂರ್ತಿ ಹೋಗಿಲ್ಲ, ವಾರದಲ್ಲಿ ನಾಲ್ಕು ದಿನ ನಿದ್ದೆ ಬರ್ತಿದೆ.

ಆಲ್ಕೊಹಾಲಿಕ್ ಅನ್ನೋ ಪದವನ್ನೇ ಹಿಡಿದು ದಡ ಸೇರಿದವರಿಂದ ಅದನ್ನು ಕಿತ್ಕೋಬೇಕು ಅಂತ ನಾನು ಹೇಳಲ್ಲ. ಅದು ತಮ್ಮಂಥವರ ನಡುವೆ ಕೂತು ಅವರೇ ಆರಿಸಿಕೊಂಡ ಪದ. ಅದನ್ನೇ ಊರವರು ಎಸೆದರೆ ಕಲ್ಲಾಗುತ್ತೆ. ಹಾಗಾಗಿ ಯಾವ ಹೆಸರನ್ನಾದರೂ ಒಂದೇ ಪ್ರಶ್ನೆಯಿಂದ ಅಳೆಯಬಹುದು: ಜಾರಿ ಬಿದ್ದ ಮಾರನೇ ಬೆಳಗ್ಗೆ ಅದು ನಮಗೆ ಏನು ಹೇಳುತ್ತೆ? ಏಳು ಅನ್ನುತ್ತೋ, ಅಲ್ಲೇ ಮಲಗು ಅನ್ನುತ್ತೋ?

ಚಿಕ್ಕಪ್ಪ ಈಗ ನಾಲ್ಕನೇ ಸಲ ಬಿಟ್ಟಿದ್ದಾರೆ. ಊರು ಇದನ್ನು ಮೂರು ಸಲ ಸೋತ ಲೆಕ್ಕ ಅನ್ನುತ್ತೆ. ನಾನು ನಾಲ್ಕು ಸಲ ಎದ್ದ ಲೆಕ್ಕ ಅಂತೀನಿ.