ಕಂಡಷ್ಟೇ ಲೆಕ್ಕ

ಯಾರೂ ನೋಡದ ಸ್ಥಳದಲ್ಲಿಯೂ ಮನುಷ್ಯನು ಸತ್ಯಕ್ಕೆ ಬದ್ಧನಾಗಿರಬೇಕಾದುದು ಏಕೆ? ಮಠದ ಪಾಠಶಾಲೆಯಲ್ಲಿ ಈ ಪ್ರಶ್ನೆಯನ್ನು ನಾವು ಗುರುಗಳ ಬಾಯಿಂದ ಕೇಳಿದ್ದೆವು. ವಿಶ್ವವಿದ್ಯಾಲಯದಲ್ಲಿ ಗ್ರಂಥಗಳಿಂದ ಓದಿದ್ದೆವು. ಆದರೆ ಅದು ನಮ್ಮ ಮನಸ್ಸಿಗೆ ನಾಟಿದುದು ಒಂದು ಕೆರೆಯ ದಂಡೆಯಲ್ಲಿ, ನಮ್ಮ ಶಿಷ್ಯನೊಬ್ಬನ ಎದುರಿನಲ್ಲಿ.

ಈತನು ನಮ್ಮ ಪ್ರಸಾದನಿಲಯದಲ್ಲಿದ್ದು ಓದಿ, ಈಗ ಇಂಗ್ಲೆಂಡಿನಲ್ಲಿ ನೆಲೆಸಿದ್ದಾನೆ. ಮನೆಯ ಕೈದೋಟಕ್ಕೆ ಬರುವ ಪತಂಗಗಳನ್ನು ಎಣಿಸಿ ಬರೆದಿಡುವುದು, ಚಳಿಗಾಲದಲ್ಲಿ ಊರಿಗೆ ಬಂದಾಗ ಕೆರೆಗಳಿಗೆ ಹೋಗಿ ಹಕ್ಕಿಗಳನ್ನು ನೋಡುವುದು ಅವನ ಹವ್ಯಾಸ. ಪತಂಗಗಳಿಗಾಗಿ ರಾತ್ರಿ ಪೆಟ್ಟಿಗೆಯೊಂದರ ಮೇಲೆ ದೀಪ ಹಚ್ಚಿಡುತ್ತಾನೆ. ಒಳಗೆ ಮೊಟ್ಟೆ ಜೋಡಿಸುವ ರಟ್ಟಿನ ತಟ್ಟೆಗಳಿರುತ್ತವೆ. ಬೆಳಕಿಗೆ ಬಂದ ಪತಂಗಗಳು ಅವುಗಳ ಕುಳಿಗಳಲ್ಲಿ ಅಡಗಿ ಕೂಡುತ್ತವೆ. ಬೆಳಗ್ಗೆ ಒಂದೊಂದನ್ನೂ ಗುರುತಿಸಿ, ಸಂಖ್ಯೆಯನ್ನು ಬರೆದುಕೊಂಡು, ಪೊದೆಗಳ ಮರೆಯಲ್ಲಿ ಬಿಟ್ಟುಬಿಡುತ್ತಾನೆ. ಬೇಸಿಗೆಯಲ್ಲಿ ಬೇಕಾದಷ್ಟು ಬರುತ್ತವೆ. ಡಿಸೆಂಬರಿನಲ್ಲಿ, ಚಳಿಗಾಲದ ಪತಂಗವೆಂದೇ ಹೆಸರಾದ ಒಂದು ಮಾಸಲು ಬಣ್ಣದ ಜೀವಿ ಬಂದರೆ ಬಂತು. ಅದರಲ್ಲಿ ಹಾರಬಲ್ಲುದು ಗಂಡು ಮಾತ್ರ; ಹೆಣ್ಣಿಗೆ ರೆಕ್ಕೆಗಳು ಹೆಸರಿಗಷ್ಟೇ, ಅದು ಮರದ ಕಾಂಡವನ್ನು ನಡೆದೇ ಹತ್ತುತ್ತದೆ. ಎಷ್ಟೋ ರಾತ್ರಿ ಏನೂ ಬಾರದು. ಆಗ ಅವನು ದಿನಾಂಕದ ಮುಂದೆ ಸೊನ್ನೆ ಬರೆಯುತ್ತಾನೆ.

“ಬಾರದುದನ್ನು ಬರೆಯುವುದೇಕೆ?” ಎಂದು ನಾವು ಕೇಳಿದ್ದೆವು. “ಅದೂ ನೋಡಿದ ಮ್ಯಾಲೆ ತಿಳಿದದ್ದ ಅಲ್ರೀ, ಅಪ್ಪಾರ?” ಎಂದಿದ್ದನು. ನಾವು ನಕ್ಕು ಸುಮ್ಮನಾದೆವು.

ಒಂದು ಜನವರಿಯಲ್ಲಿ ಅವನೊಡನೆ ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹೋಗಿದ್ದೆವು. 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿದ ಕೆರೆಯದು. ಬಿಳಿಯ ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳುಳ್ಳ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್‌ಗಳ ಕಡೆಯಿಂದ ಹಿಮಾಲಯವನ್ನು ದಾಟಿ ಅಲ್ಲಿಗೆ ಬರುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇದು ಕೆರೆಗೆ ಮರಳುತ್ತಿದ್ದ ಅವುಗಳ ಸಾಲುಗಳನ್ನು ನೋಡಿ ನಮ್ಮ ಮನಸ್ಸು ಬಾಲಕರಂತೆ ಹಿಗ್ಗಿತು. ಅಷ್ಟರಲ್ಲಿ ಆಚೆಯ ದಂಡೆಯ ಮೇಲೆ ಗಿಡುಗದಂಥ ಹಕ್ಕಿಯೊಂದು ಹಾದುಹೋಯಿತು. ಹಿಂದಿನ ರಾತ್ರಿ ಪುಸ್ತಕದಲ್ಲಿ ಅಪರೂಪದ ಹಕ್ಕಿಯೊಂದರ ಚಿತ್ರವನ್ನು ನೋಡಿದ್ದ ನಾವು, “ಅದೇ ಇದು, ಬರೆದುಕೋ” ಎಂದೆವು. ಅವನ ಲೇಖನಿ ಮೇಲೇಳಲಿಲ್ಲ. “ನನಗ ಸರಿಯಾಗಿ ಕಾಣಲಿಲ್ರೀ, ಅಪ್ಪಾರ. ತಮಗ ಕಂಡಿತೇನ್ರೀ?” ಎಂದು ವಿನಯದಿಂದಲೇ ಕೇಳಿದನು.

ನಮಗೂ ಕಂಡಿರಲಿಲ್ಲ. ಸುಳ್ಳಾಡಬೇಕೆಂದು ನಾವು ಆಡಿರಲಿಲ್ಲ. ಕಾಣಬೇಕೆಂಬ ಆಸೆಯನ್ನೇ ಕಂಡದ್ದೆಂದು ಭ್ರಮಿಸಿದ್ದೆವು. ಅಸತ್ಯವು ಬಹುಮಟ್ಟಿಗೆ ಈ ದಾರಿಯಿಂದಲೇ ಒಳಗೆ ಬರುತ್ತದೆಂದು ಅಂದು ತಿಳಿಯಿತು.

ಅವನ ಸೊನ್ನೆಯ ಅರ್ಥವೂ ಆಗಲೇ ಹೊಳೆಯಿತು. ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು ಒಂದು ಪ್ರಮಾಣವೆಂದು ಒಪ್ಪುತ್ತಾರೆ. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ನೋಡಿದಾಗ ಕಾಣದೆಹೋದರೆ, ಅದು ಅಲ್ಲಿಲ್ಲವೆಂಬ ಜ್ಞಾನವಾಗುತ್ತದೆ. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆಯೇ ಇಲ್ಲವೆನ್ನಲಾಗದು. ಮೊದಲು ದೀಪ ಹಚ್ಚಬೇಕು. ದೀಪ ಹಚ್ಚಿ, ಕಾದು, ನೋಡಿದವನಿಗೆ ಮಾತ್ರ ‘ಇಲ್ಲ’ ಎಂದು ಬರೆಯುವ ಅಧಿಕಾರವುಂಟು.

ಒಂದು ಹಕ್ಕಿಯನ್ನು ಹೆಚ್ಚಾಗಿ ಬರೆದರೆ ಲೋಕವೇನು ಮುಳುಗೀತು ಎಂದು ನೀವು ಕೇಳಬಹುದು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಸಂಸ್ಥೆಯ ಬೆಳಕಿನ ಬಲೆಗಳನ್ನು ಅನೇಕ ಕಡೆ ಸ್ವಯಂಸೇವಕರೇ ನಡೆಸುತ್ತ ಬಂದಿದ್ದಾರೆ. ಬ್ರಿಟನ್ನಿನ ದೊಡ್ಡ ಜಾತಿಯ ಪತಂಗಗಳ ಸಂಖ್ಯೆಯು 1968ರಿಂದ 2017ರವರೆಗಿನ 50 ವರ್ಷಗಳಲ್ಲಿ ಶೇಕಡಾ 33ರಷ್ಟು ಕುಗ್ಗಿತೆಂಬ ಸಂಗತಿ 2021ರ ವರದಿಯೊಂದರಲ್ಲಿ ಪ್ರಕಟವಾದುದು ಆ ಲೆಕ್ಕಗಳಿಂದ. ಇಂಥ ಇಳಿಕೆಯು ಯಾರ ಕಣ್ಣಿಗೂ ಒಂದು ರಾತ್ರಿಯಲ್ಲಿ ಬೀಳುವಂಥದಲ್ಲ. ಬರಿದಾದ ಪೆಟ್ಟಿಗೆಗೆ ನಾಚಿ ಜನರು ಸಂಖ್ಯೆಗಳನ್ನು ತುಂಬಿಸಿದ್ದರೆ, ಮೂಕಜೀವಿಗಳ ಕ್ಷಯವು ನಮ್ಮ ಹೆಮ್ಮೆಯ ಅಡಿಯಲ್ಲಿ ಹೂತುಹೋಗುತ್ತಿತ್ತು. ಅವುಗಳ ಪರವಾಗಿ ಸಾಕ್ಷಿ ನುಡಿಯಲು ಆ ಪುಸ್ತಕವಲ್ಲದೆ ಬೇರೇನಿದೆ?

ಕೆರೆಯಿಂದ ಮರಳುವಾಗ ನಮ್ಮ ಲೆಕ್ಕಗಳು ನೆನಪಾದವು. ಜಾತ್ರೆಗೆ ಬಂದವರನ್ನು ಎಣಿಸದೆಯೇ ‘ಲಕ್ಷಾಂತರ’ ಎಂದು ಬರೆಯಿಸಿದ್ದೇವೆ. ನಮ್ಮ ಅನುಭವಕ್ಕೆ ಬಾರದುದನ್ನು ಅನುಭವಿಗಳಂತೆ ಪೀಠದ ಮೇಲಿಂದ ನುಡಿದದ್ದೂ ಉಂಟು. ಕೇಳಿದವರಾರೂ “ತಮಗೆ ಕಂಡಿತೇ?” ಎಂದು ಪ್ರಶ್ನಿಸಲಿಲ್ಲ; ಗೌರವದಿಂದ ತಲೆಬಾಗಿದರು. ಆದುದರಿಂದ ಆ ಪ್ರಶ್ನೆಯನ್ನು ನಮಗೆ ನಾವೇ ಹಾಕಿಕೊಳ್ಳಬೇಕಾಗಿದೆ.

ಪ್ರಿಯ ಓದುಗರೇ, ಮಕ್ಕಳು ಹಕ್ಕಿ, ಪತಂಗಗಳ ಹಿಂದೆ ಹೊತ್ತು ಕಳೆದರೆ ಗದರಬೇಡಿರಿ. ಅವರ ಕೈಗೊಂದು ಪುಸ್ತಕವನ್ನು ಕೊಡಿರಿ. ಕಂಡಷ್ಟನ್ನೇ ಬರೆಯಲು ಕಲಿಸಿರಿ. ಏನೂ ಕಾಣದ ದಿನ ಅವರು ಸೊನ್ನೆ ಬರೆದು ತಂದರೆ ಮೆಚ್ಚಿ ಬೆನ್ನು ತಟ್ಟಿರಿ.