ಬೀಳು ನೆಲ ಬರಿದೇ?

ದಯೆಯೆಂಬುದು ಕೊಡುವುದರಲ್ಲಿದೆಯೆಂದು ನಾವು ಸಾಮಾನ್ಯವಾಗಿ ತಿಳಿದಿರುವೆವು. ಅಂಗಳದಲ್ಲಿ ಕಾಳು ಚೆಲ್ಲಿ, ಬೇಸಗೆಯಲ್ಲಿ ನೀರಿಟ್ಟರೆ ಪಕ್ಷಿಜಾತಿಗೆ ಸಲ್ಲಬೇಕಾದುದು ಸಂದಿತೆಂದು ಮನಸ್ಸು ಸಮಾಧಾನ ಹೊಂದುವುದು. ಆದರೆ ಅಂಗಳಕ್ಕೆ ಎಂದಿಗೂ ಬಾರದ ಹಕ್ಕಿಗಳುಂಟು. ಅವಕ್ಕೆ ಬೇಕಾದುದು ನಮ್ಮ ಕಾಳಲ್ಲ, ನಾವು ಕೈಯಿಕ್ಕದೆ ಬಿಟ್ಟ ಒಂದಿಷ್ಟು ನೆಲ. ಇವುಗಳ ವಿಷಯದಲ್ಲಿ ನಮ್ಮ ಧರ್ಮವೇನು?

ನಮ್ಮ ಎರೆಸೀಮೆಯ ಎರೆಭೂತವನ್ನೇ ನೋಡಬಹುದು. ಹಾರಬಲ್ಲ ಹಕ್ಕಿಗಳಲ್ಲಿ ಅತ್ಯಂತ ಭಾರವಾದವುಗಳಲ್ಲಿ ಇದೂ ಒಂದು. ಎತ್ತರ ಸುಮಾರು 1 ಮೀಟರು. ಇದು ಮರವನ್ನೇರದು, ಗೂಡು ಕಟ್ಟದು. ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನಿಟ್ಟು, ಹೆಣ್ಣೊಂದೇ ಸುಮಾರು ನಾಲ್ಕು ವಾರ ಕಾವು ಕೊಡುವುದು. ಮಳೆಯನ್ನೇ ನಂಬಿದ ಬೇಸಾಯದಲ್ಲಿ ಇದಕ್ಕೂ ಎಡೆಯಿದ್ದಿತು. ಜೋಳದ ಹೊಲದ ಪಕ್ಕದಲ್ಲಿ ಬೀಳುಬಿಟ್ಟ ಹೊಲ, ಹುಲ್ಲು ಬೆಳೆದ ಬದು, ಅಲ್ಲಿ ಮಿಡತೆಗಳು. ರೈತನು ಈ ಹಕ್ಕಿಯನ್ನು ಸಾಕಲಿಲ್ಲ. ಅವನ ಬೇಸಾಯದ ಕ್ರಮವೇ ಅದನ್ನು ಸಾಕಿತು.

ಆ ಕ್ರಮವು ಈಗ ಬದಲಾಗಿದೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದ ಬಳಿಕ ಸಿರುಗುಪ್ಪದ ಕಡೆಯ ಎರೆನೆಲಕ್ಕೆ ಕಾಲುವೆ ಬಂದಿತು, ಬತ್ತದ ಗದ್ದೆಗಳಾದುವು. ನೀರು ಕಂಡ ಹೊಲಕ್ಕೆ ವಿಶ್ರಾಂತಿಯಿಲ್ಲ. ಕ್ರಿಮಿನಾಶಕದಿಂದ ಮಿಡತೆಗಳು ಅಳಿಯುವುವು. ಹಾರುವಾಗ ನೇರ ಎದುರಿನದು ಚೆನ್ನಾಗಿ ಕಾಣದ ಈ ಪಕ್ಷಿಯು ವಿದ್ಯುತ್ತಿನ ತಂತಿಗಳಿಗೆ ಬಡಿದು ಸಾಯುವುದು. ಹಿಂದೆ ಇದಕ್ಕೆ ನೆಲೆಯಾಗಿದ್ದ ರಾಣೆಬೆನ್ನೂರಿನ ಬಯಲಿನಲ್ಲಿ ನೀಲಗಿರಿ ತೋಪುಗಳೆದ್ದುವು. ಇಂದು ದೇಶದಲ್ಲೆಲ್ಲ ಸೇರಿ ಕಾಡಿನಲ್ಲಿ ಉಳಿದಿರುವುವು 200ಕ್ಕೂ ಕಡಮೆ. ನಮ್ಮ ನಾಡಿನಲ್ಲಿ ಕೆಲವೇ ಕೆಲವು.

ಇಲ್ಲಿ ಒಂದು ಆಕ್ಷೇಪವೇಳುವುದು: ಹಕ್ಕಿಯ ಮೊಟ್ಟೆ ದೊಡ್ಡದೋ, ರೈತನ ಮಗುವಿನ ಹೊಟ್ಟೆ ದೊಡ್ಡದೋ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಲಾಗದು. ಕಾಲುವೆಯ ಅಕ್ಕಿಯನ್ನುಂಡು ಪಟ್ಟಣದಲ್ಲಿರುವ ನಾವು, "ನೀನು ಹೊಲವನ್ನು ಬೀಳುಬಿಡು" ಎಂದು ಬಡವನಿಗೆ ಉಪದೇಶಿಸುವುದು ಪರರ ಗಂಟಿನಿಂದ ದಾನ ಮಾಡಿದಂತೆ. 1972ರ ವನ್ಯಜೀವಿ ಶಾಸನವು ಈ ಪಕ್ಷಿಗೆ ಅತ್ಯುಚ್ಚ ರಕ್ಷಣೆಯನ್ನಿತ್ತಿದೆ. ಎಂದಮೇಲೆ ಇದು ಸಮಸ್ತರ ಸೊತ್ತು. ಸಮಸ್ತರ ಸೊತ್ತನ್ನು ಕಾಯುವ ನಷ್ಟವನ್ನು ಒಬ್ಬನ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ. ಒಂದು ಹೊಲ ಬೀಳಾಗಿ ಉಳಿಯಬೇಕಾದರೆ ಅದರ ಫಸಲಿನ ಬೆಲೆಯನ್ನು ನಾವೆಲ್ಲರೂ ತೆರತಕ್ಕುದು.

ಆದರೆ ಹಸಿವಿನ ಮಾತು ಎಲ್ಲ ತಪ್ಪುಗಳಿಗೂ ಮರೆಯಾಗಬಾರದು. ಹುಲ್ಲಿನ ಬಯಲಿನಲ್ಲಿ ನೀಲಗಿರಿಯನ್ನು ನೆಡಿಸಿದುದು ಹಸಿವಲ್ಲ, ಮರವಿಲ್ಲದ ನೆಲವೆಲ್ಲ ಹಾಳೆಂಬ ನಮ್ಮ ತಿಳಿವಳಿಕೆ. ಗಿಡ ನೆಡುವುದು ಪುಣ್ಯವೇ ಸರಿ. ಎಲ್ಲಿ ನೆಡುತ್ತೇವೆಂಬುದನ್ನು ವಿಚಾರಿಸದ ಪುಣ್ಯವು ಮತ್ತೊಬ್ಬರ ಮನೆಯನ್ನು ಮುಚ್ಚೀತು.

ನಾವು ಬೀಳೆಂದು ಕರೆದ ನೆಲವು ಬರಿದಲ್ಲ. ಅದನ್ನೇ ನಂಬಿ ಒಂದು ಜೀವವು ತನ್ನ ಒಂದೇ ಮೊಟ್ಟೆಯನ್ನು ಅಲ್ಲಿಟ್ಟಿದೆ. ಕೊಡುವ ದಯೆಯನ್ನು ನಾವು ಬಲ್ಲೆವು. ಬಿಡುವ ದಯೆಯನ್ನು ಇನ್ನು ಕಲಿಯಬೇಕಾಗಿದೆ.